ನೆಲದ ಹಸಿ ನೋಡಿ ಬಿತ್ತುವುದು

(ಧಾರವಾಡದ ಕಾಲೇಜೊಂದರಲ್ಲಿ ಪದವಿ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ದೈಹಿಕ ಶಿಕ್ಷಣದ ಅಧ್ಯಾಪಕರು ನೀಡಿದ ಉಪನ್ಯಾಸ)

ಪ್ರಾಚಾರ್ಯರೇ, ಸಹೋದ್ಯೋಗಿ ಮಿತ್ರರೇ, ಪ್ರೀತಿಯ ವಿದ್ಯಾರ್ಥಿಗಳೇ,

ನಾನು ರೋಣ ತಾಲ್ಲೂಕಿನ ಎರೆಭೂಮಿಯಿಂದ ಬಂದವನು. ನಮ್ಮ ಕಡೆ ಹಿಂಗಾರಿ ಜೋಳ ಬಿತ್ತುವ ರೈತ ಮುಂದೆ ಬರಬಹುದಾದ ಮಳೆಯನ್ನು ನಂಬಿ ಕೂರಿಗೆ ಹೂಡುವುದಿಲ್ಲ. ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ ನೋಡುತ್ತಾನೆ. ನೆಲದೊಳಗೆ ಎಷ್ಟು ಹಸಿ ಉಳಿದಿದೆಯೋ ಅಷ್ಟನ್ನೇ ಲೆಕ್ಕಕ್ಕೆ ಹಿಡಿಯುತ್ತಾನೆ. ಆಮೇಲೆ ಒಂದು ಮಳೆ ಬಿದ್ದರೆ ಅದು ಮೇಲಿನ ಲಾಭ. ವ್ಯಾಯಾಮವನ್ನು ಆರಿಸಿಕೊಳ್ಳುವಾಗ ನೀವೂ ಹೀಗೆಯೇ ಲೆಕ್ಕ ಹಾಕಬೇಕು ಎನ್ನುವುದನ್ನು ಹೇಳಲು ಇಲ್ಲಿ ನಿಂತಿದ್ದೇನೆ. ರಜೆ ಮುಗಿಸಿ ಹುರುಪಿನಿಂದ ಬಂದಿರುವ ಈ ವಾರವನ್ನು ನೋಡಿ ದಿನಚರಿ ಬರೆದುಕೊಳ್ಳಬೇಡಿ. ಎರಡು ಆಂತರಿಕ ಪರೀಕ್ಷೆ, ಒಂದು ಪ್ರಾಯೋಗಿಕ ದಾಖಲೆ, ಮೇಲೆ ನೆಗಡಿ ಇರುವ ವಾರ ಒಂದು ಬಂದೇ ಬರುತ್ತದೆ. ಆ ವಾರದಲ್ಲಿಯೂ ಉಳಿಯುವುದು ಎಷ್ಟು ಎಂದು ಕೇಳಿಕೊಳ್ಳಿ. ಅಷ್ಟೇ ನಿಮ್ಮ ವ್ಯಾಯಾಮ.

ನನಗೆ ಇದನ್ನು ಯಾರೂ ಮೊದಲೇ ಹೇಳಲಿಲ್ಲ. ಪದವಿಗೆಂದು ಧಾರವಾಡಕ್ಕೆ ಬಂದಾಗ ಸಪ್ತಾಪುರದಲ್ಲಿ ಮೂವರು ಸೇರಿ ಒಂದು ಕೋಣೆ ಹಿಡಿದಿದ್ದೆವು. ನನ್ನ ಸೋದರಮಾವ ಊರಿನ ಗರಡಿ ಮನೆಯ ಪೈಲ್ವಾನರು. ಬೆಳಗಿನ ಜಾವ ಅವರು ಇನ್ನೂರು ಬಸ್ಕಿ, ನೂರು ದಂಡ ಹೊಡೆಯುವುದನ್ನು ಕಂಡು ಬೆಳೆದವನು ನಾನು. ಅದೇ ಎಣಿಕೆಯನ್ನು ತಲೆಯಲ್ಲಿ ಇಟ್ಟುಕೊಂಡು ಮೊದಲ ದಿನವೇ ಅಷ್ಟೂ ಮುಗಿಸಿದೆ. ಮೂರನೆಯ ದಿನ ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಯಿತು. ವಾರ ಬಿಟ್ಟು ಮತ್ತೆ ಆರಂಭಿಸಿದೆ, ಪರೀಕ್ಷೆ ಬಂತು, ಬಿಟ್ಟೆ. ಆ ವರ್ಷವಿಡೀ ಮತ್ತೆ ಮೈ ಬಗ್ಗಿಸಲಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ಮಾವನಿಗೆ ಹೇಳಿದೆ. ಅವರು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: “ನೀನು ನೋಡಿದ್ದು ನನ್ನ ಇಪ್ಪತ್ತನೆಯ ವರ್ಷದ ಎಣಿಕೆ, ತಮ್ಮಾ. ಮೊದಲ ಮಳೆಗಾಲವೆಲ್ಲ ನಾನು ಸಲಿಕೆ ಹಿಡಿದು ಕುಸ್ತಿಯ ಮಣ್ಣನ್ನು ಹದ ಮಾಡಿದ್ದೇನೆ. ಗರಡಿ ಕಲಿಸುತ್ತಿದ್ದ ವಸ್ತಾದರು ಹತ್ತರ ಮೇಲೆ ಹನ್ನೊಂದನೆಯ ಬಸ್ಕಿ ಹೊಡೆಯಲು ಬಿಡುತ್ತಿರಲಿಲ್ಲ.”

ವಸ್ತಾದರ ಆ ಕಟ್ಟುನಿಟ್ಟಿಗೆ ದೇಹದೊಳಗೆ ಕಾರಣವಿದೆ. ರೂಢಿಯಿಲ್ಲದ ಸ್ನಾಯುವಿಗೆ ದಿಢೀರನೆ ಕೆಲಸ ಕೊಟ್ಟರೆ ಅದರ ಎಳೆಗಳಲ್ಲಿ ಸಣ್ಣ ಸಣ್ಣ ಗಾಯಗಳಾಗುತ್ತವೆ. ನೋವು ಅಂದೇ ಕಾಣಿಸುವುದಿಲ್ಲ, ಎರಡನೆಯ ಮತ್ತು ಮೂರನೆಯ ದಿನ ಏರುತ್ತದೆ. ಸ್ವಲ್ಪ ನೋವಾದರೆ ಭಯವಿಲ್ಲ, ವಿಶ್ರಾಂತಿಯಲ್ಲಿ ಸ್ನಾಯು ಮೊದಲಿಗಿಂತ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಆದರೆ ಪಂಥ ಕಟ್ಟಿ ಒಂದೇ ದಿನ ನೂರಾರು ಬಸ್ಕಿ ಹೊಡೆದರೆ ಸ್ನಾಯು ವಿಪರೀತವಾಗಿ ಒಡೆದು, ಅದರಿಂದ ಹೊರಬಂದ ವಸ್ತುಗಳು ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು. ವ್ಯಾಯಾಮದ ನಂತರ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಮಲಗಿ ಸುಧಾರಿಸಿಕೊಳ್ಳುವ ಮಾತು ಬೇಡ, ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಿ. ವಸತಿ ನಿಲಯಗಳಲ್ಲಿ ಹಿರಿಯ ವಿದ್ಯಾರ್ಥಿಗಳು ಹೊಸಬರಿಗೆ ಶಿಕ್ಷೆಯೆಂದು ಬಸ್ಕಿ ಹೊಡೆಸುವುದುಂಟು. ಅದು ಅಪಾಯದ ಆಟ, ಅಪರಾಧವೂ ಹೌದು. ಯಾರಾದರೂ ಹಾಗೆ ಮಾಡಿದರೆ ನನ್ನ ಬಳಿ ಬನ್ನಿ.

ಹಾಗಾದರೆ ಎಷ್ಟು ಮಾಡಬೇಕು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ 18 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕೆಲಸ ಬೇಕು. ಮಧ್ಯಮ ಶ್ರಮವೆಂದರೆ ನಡೆಯುತ್ತ ಮಾತನಾಡಲು ಬರಬೇಕು, ಹಾಡಲು ಬರಬಾರದು. ಅಷ್ಟು ಬಿರುಸು. ಒಂದು ಸಲಕ್ಕೆ ಕನಿಷ್ಠ ಹತ್ತು ನಿಮಿಷವಾದರೂ ಆಗಬೇಕು ಎಂಬ ಹಳೆಯ ಷರತ್ತನ್ನು ಆ ವರ್ಷ ಕೈಬಿಟ್ಟರು. ನಿಮ್ಮಂಥವರಿಗೆ ಇದು ಬಹಳ ದೊಡ್ಡ ಮಾತು. ಕೋಣೆಯಿಂದ ಕಾಲೇಜಿಗೆ ಹದಿನೈದು ನಿಮಿಷದ ದಾರಿಯಿದ್ದು, ಹೋಗುತ್ತ ಬರುತ್ತ ಬಿರುಸಾಗಿ ನಡೆದರೆ ಐದು ದಿನಕ್ಕೆ 150 ನಿಮಿಷ ತುಂಬಿತು. ನಮ್ಮ ಧಾರವಾಡವಂತೂ ಏರಿಳಿತಗಳ ಊರು. ವಿಶ್ವವಿದ್ಯಾಲಯದ ಗುಡ್ಡ ಹತ್ತಿ ನೋಡಿ, ಉಸಿರು ತಾನಾಗಿ ಏರುತ್ತದೆ. ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬರುವವರು ಒಂದು ನಿಲ್ದಾಣ ಮೊದಲೇ ಇಳಿದರೆ ಆಯಿತು.

ಇನ್ನು ಬಲದ ಮಾತು. ವಾರಕ್ಕೆ ಎರಡು ದಿನ, ಇಪ್ಪತ್ತೈದು ನಿಮಿಷ. ಮಂಗಳವಾರ ಮತ್ತು ಶುಕ್ರವಾರ ಎಂದಿಟ್ಟುಕೊಂಡರೆ ನಡುವೆ ಸ್ನಾಯುವಿಗೆ ಎರಡು ದಿನ ಬಿಡುವು ಸಿಗುತ್ತದೆ. ಏಳುವ, ತಳ್ಳುವ, ಎಳೆಯುವ, ನಡುವನ್ನು ಬಿಗಿಹಿಡಿಯುವ ನಾಲ್ಕು ಕೆಲಸಗಳು ಬಂದರೆ ಇಡೀ ದೇಹ ಒಳಗೊಂಡಂತೆ. ಏಳುವುದಕ್ಕೆ ಬಸ್ಕಿ. ತಳ್ಳುವುದಕ್ಕೆ ದಂಡ, ನೆಲದ ಮೇಲೆ ಆಗದವರು ಗೋಡೆಗೋ ಮೇಜಿಗೋ ಕೈ ಊರಿ ಆರಂಭಿಸಲಿ, ಅದರಲ್ಲಿ ಕಡಿಮೆಯೇನೂ ಇಲ್ಲ. ಎಳೆಯುವುದನ್ನು ಎಲ್ಲರೂ ಮರೆಯುತ್ತಾರೆ. ದಿನವಿಡೀ ಪುಸ್ತಕ, ಮೊಬೈಲ್‌ಗಳ ಮೇಲೆ ಬಾಗುವ ನಿಮಗೆ ಬೆನ್ನಿನ ಕೆಲಸ ಎಲ್ಲಕ್ಕಿಂತ ಹೆಚ್ಚು ಬೇಕು. ಚೀಲಕ್ಕೆ ಪುಸ್ತಕ ತುಂಬಿ, ಸೊಂಟದಿಂದ ಮುಂದೆ ಬಾಗಿ, ಬೆನ್ನು ನೇರವಿಟ್ಟು ಹೊಟ್ಟೆಯ ಕಡೆಗೆ ಎಳೆಯಿರಿ. ದಂಡ ಹೊಡೆಯುವಾಗಲೂ ಹೀಗೆ ಎಳೆಯುವಾಗಲೂ ನಡುವನ್ನು ಬಿಗಿಹಿಡಿಯಿರಿ, ನಾಲ್ಕನೆಯ ಕೆಲಸವೂ ಅದರಲ್ಲೇ ಆಯಿತು. ಎಂಟೆಂಟು ಸಲ, ಎರಡು ಸುತ್ತು. ಎರಡು ವಾರ ಅದು ಸಲೀಸಾದ ಮೇಲೆ ಮಾತ್ರ ಒಂದೆರಡು ಎಣಿಕೆ ಏರಿಸಿ, ಚೀಲಕ್ಕೆ ಇನ್ನೊಂದು ಪುಸ್ತಕ ಸೇರಿಸಿ. ಶ್ರಾವಣದ ಜಿಟಿಜಿಟಿ ಮಳೆ ಹಿಡಿದಾಗಲೂ ಇದು ನಿಲ್ಲುವುದಿಲ್ಲ, ಕೋಣೆಯೊಳಗೇ ನಡೆಯುತ್ತದೆ. ಜಿಮ್‌ಗೆ ಹೋಗುವ ಅನುಕೂಲವಿದ್ದವರು ಹೋಗಲಿ, ಸಂತೋಷ. ಆದರೆ ವರ್ಷದ ಶುಲ್ಕವನ್ನು ಒಂದೇ ಸಲ ಕಟ್ಟಬೇಡಿ. ಮೊದಲು ಕೋಣೆಯಲ್ಲಿ ಎರಡು ತಿಂಗಳು ಮಾಡಿ ತೋರಿಸಿ, ನಿಮಗೆ ನೀವೇ.

ಒತ್ತಡದ ವಾರದಲ್ಲಿ ಏನು ಮಾಡುವುದು? ಕುಂದಗೋಳದಿಂದ ದಿನವೂ ಓಡಾಡುತ್ತಿದ್ದ ಒಬ್ಬ ವಿದ್ಯಾರ್ಥಿಯ ನೆನಪಾಗುತ್ತದೆ. ಸಂಜೆ ಮನೆ ಮುಟ್ಟಿ, ಎಮ್ಮೆಗೆ ಮೇವು ಹಾಕಿದ ಮೇಲೆ ಓದಲು ಕೂರುವ ಹುಡುಗ. ಪರೀಕ್ಷೆಯ ದಿನಗಳಲ್ಲಿ ಅವನು ಮಾಡುತ್ತಿದ್ದುದು ಒಂದೇ ಸುತ್ತು, ಏಳೆಂಟು ನಿಮಿಷ. ಆದರೆ ಅದೇ ಮಂಗಳವಾರ, ಅದೇ ಶುಕ್ರವಾರ. ಮೂರು ವರ್ಷ ಅವನ ರೂಢಿ ತಪ್ಪಲಿಲ್ಲ. ಗಳಿಸಿದ ಬಲವನ್ನು ಕಾಯಲು ಬೇಕಾಗುವ ಶ್ರಮ ಗಳಿಸಲು ಬೇಕಾದುದಕ್ಕಿಂತ ಎಷ್ಟೋ ಕಡಿಮೆ. ಪೊಲೀಸ್ ನೇಮಕಾತಿಗೆಂದು ನಮ್ಮ ಮೈದಾನಗಳಲ್ಲಿ ಬೆಳಗಿನ ಜಾವ ಓಡುವವರನ್ನು ಕಂಡು ನಿಮ್ಮ ವ್ಯಾಯಾಮ ಏನೂ ಅಲ್ಲ ಎಂದುಕೊಳ್ಳಬೇಡಿ. ಅವರ ಗುರಿ ಬೇರೆ, ಅವರ ದಿನದ ಹಂಚಿಕೆಯೇ ಬೇರೆ.

ವಿದ್ಯಾರ್ಥಿನಿಯರಿಗೆ ಬೇರೆಯದೇ ಕಷ್ಟವಿದೆ, ಅದನ್ನು ಮುಚ್ಚಿಡಲಾರೆ. ನಿಲಯದ ಬಾಗಿಲು ತಡವಾಗಿ ತೆರೆಯುತ್ತದೆ, ಸಂಜೆ ಬೇಗ ಮುಚ್ಚುತ್ತದೆ, ಮೈದಾನದ ತುಂಬ ಹುಡುಗರಿರುತ್ತಾರೆ. ಮನಸ್ಸು ಮಾಡಿದರೆ ಎಲ್ಲವೂ ಆಗುತ್ತದೆ ಎಂದು ಅವರಿಗೆ ಉಪದೇಶ ಮಾಡುವುದು ನನ್ನಿಂದಾಗದು. ಬಾಗಿಲು ತೆರೆಯಬೇಕಾದವರು ನಾವು. ಅಲ್ಲಿಯವರೆಗೆ ನಿಲಯದ ಮೆಟ್ಟಿಲು, ತಾರಸಿ, ನೀರು ತುಂಬಿದ ಬಕೆಟ್ಟು ಕೆಲಸಕ್ಕೆ ಬರುತ್ತವೆ. ಎರಡು ಮಹಡಿ ಹತ್ತುವಷ್ಟರಲ್ಲಿ ತಲೆ ಸುತ್ತಿ ವಿಪರೀತ ಏದುಸಿರು ಬರುವುದಾದರೆ ಅದನ್ನು ಸೋಮಾರಿತನವೆಂದು ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ರಕ್ತಹೀನತೆ ಇರಬಹುದು. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಹೆಣ್ಣುಮಕ್ಕಳಲ್ಲಿ ಅದು ನೂರು ಮಿಲಿಲೀಟರ್ ರಕ್ತಕ್ಕೆ 12 ಗ್ರಾಂಗಿಂತ ಕಡಿಮೆಯಿದ್ದರೆ ಮೊದಲು ಚಿಕಿತ್ಸೆ, ಆಮೇಲೆ ಬಸ್ಕಿ.

ಆಹಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾಮಾನ್ಯ ಜೀವನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. 60 ಕಿಲೋ ಇರುವವರಿಗೆ ಸುಮಾರು 50 ಗ್ರಾಂ. ಬಲದ ವ್ಯಾಯಾಮ ಮಾಡುವವರಿಗೆ ಸ್ವಲ್ಪ ಹೆಚ್ಚು ಬೇಕು. ರೊಟ್ಟಿಯ ಜೊತೆ ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು, ತಿನ್ನುವವರಿಗೆ ಮೊಟ್ಟೆ, ಇಷ್ಟರಲ್ಲಿಯೇ ಅದು ದೊರೆಯುತ್ತದೆ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಮನೆಯಿಂದ ಬಂದ ಹಣದಲ್ಲಿ ಪುಡಿಯ ಡಬ್ಬಿ ಕೊಳ್ಳುವ ಮುನ್ನ ಊರಿನಿಂದ ಬಂದ ಶೇಂಗಾದ ಚೀಲ ಬಿಚ್ಚಿ. ಆದರೆ ನಿದ್ದೆಯನ್ನು ಕದಿಯಬೇಡಿ. ರಾತ್ರಿ ಎರಡರವರೆಗೆ ಓದಿದವರು ಐದಕ್ಕೆ ಎದ್ದು ಓಡುವುದು ಬೇಡ. ಅಂದು ಮಲಗಿ, ಸಂಜೆ ನಡೆಯಿರಿ.

ಪ್ರಾಚಾರ್ಯರ ಒಪ್ಪಿಗೆ ಪಡೆದಿದ್ದೇನೆ. ಬರುವ ಮಂಗಳವಾರದಿಂದ ಬೆಳಿಗ್ಗೆ ಆರೂವರೆಗೆ ಮೈದಾನದ ಬಾಗಿಲು ತೆರೆದಿರುತ್ತದೆ. ಮಂಗಳವಾರ ಮತ್ತು ಶುಕ್ರವಾರದ ಆ ಅರ್ಧ ಗಂಟೆ ವಿದ್ಯಾರ್ಥಿನಿಯರಿಗೆ ಮಾತ್ರ, ಏಳರ ನಂತರ ಎಲ್ಲರಿಗೂ. ಬೂಟು ಇಲ್ಲದವರು ಬರಿಗಾಲಲ್ಲಿ ಬನ್ನಿ, ನಡುವಿನ ಹುಲ್ಲು ಚೆನ್ನಾಗಿದೆ. ಪುಸ್ತಕದ ಚೀಲ ತನ್ನಿ. ಮೊದಲ ದಿನ ಹತ್ತೇ ಬಸ್ಕಿ, ಹನ್ನೊಂದನೆಯದಕ್ಕೆ ನಾನು ಬಿಡುವುದಿಲ್ಲ.