ಮೊದಲು ಹಲ್ಲು ನೋಡಿ

ಎಲ್ಲರಿಗೂ ನಮಸ್ಕಾರ.

ಬೆಳಗಿನ ಜಾವ ಐದೂವರೆಗೆ ಅಲಾರಂ ಇಟ್ಟುಕೊಂಡು, ಮನೆಯವರು ಏಳದ ಹಾಗೆ ಮೊಬೈಲಿನ ಸದ್ದು ತಗ್ಗಿಸಿ, ಹೊದಿಕೆಯೊಳಗೇ ಅಮೆರಿಕದ ಎನ್‌ಬಿಎ ಲೀಗಿನ ಬಾಸ್ಕೆಟ್‌ಬಾಲ್ ನೋಡುವ ಹುಡುಗ ಹುಡುಗಿಯರು ನಮ್ಮಲ್ಲಿ ಈಗ ಜಾಸ್ತಿ ಆಗಿದ್ದಾರೆ. ನಾನು ಇವತ್ತು ಮಾತಾಡುವುದು ಮುಖ್ಯವಾಗಿ ಅವರಿಗೆ. ಆಮೇಲೆ ಶಾಲೆಗಳ ಪಿಟಿ ಮೇಷ್ಟ್ರುಗಳಿಗೆ. "ಈ ಹುಚ್ಚು ಯಾವಾಗ ಬಿಡುತ್ತೋ" ಎಂದುಕೊಂಡು ಅಡುಗೆಮನೆಯಿಂದಲೇ ರೇಡಿಯೋ ಕೇಳುತ್ತಿರುವ ತಾಯಂದಿರಿಗೂ ಇದರಲ್ಲಿ ಒಂದು ಮಾತಿದೆ, ಬಂದ್ ಮಾಡಬೇಡಿ.

ನನಗೆ ಕೊಟ್ಟಿರುವ ವಿಷಯ, ಎನ್‌ಬಿಎ ಡ್ರಾಫ್ಟಿಗೆ ಬರುವ ಎಳೆಯ ಆಟಗಾರರನ್ನು ಅಳೆಯುವುದು ಹೇಗೆ ಎಂಬುದು. ಕೊಟ್ಟಿರುವ ಹೊತ್ತು ಹದಿನೈದು ನಿಮಿಷ. ನಿಜ ಹೇಳಬೇಕೆಂದರೆ ಹದಿನೈದು ಸೆಕೆಂಡು ಸಾಕಿತ್ತು. ಮೊದಲು ವಯಸ್ಸು ಕೇಳಿ. ಎತ್ತರ ಆಮೇಲೆ, ಹೊಡೆದ ಪಾಯಿಂಟು ಆಮೇಲೆ, ಪೇಪರಿನವರು ಬರೆದ ಹೊಗಳಿಕೆ ಎಲ್ಲಕ್ಕಿಂತ ಆಮೇಲೆ. ಮೊದಲು ವಯಸ್ಸು. ಅಷ್ಟು ಹೇಳಿ ಎದ್ದು ಹೋದರೆ ಕರೆಸಿದವರಿಗೆ ಬೇಜಾರಾಗುತ್ತದೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಡ್ರಾಫ್ಟ್ ಅಂದರೆ ಐಪಿಎಲ್ ಹರಾಜಿನ ಹಾಗಲ್ಲ. ಇಲ್ಲಿ ಯಾರೂ ದುಡ್ಡು ಕೂಗುವುದಿಲ್ಲ. ಇದು ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿ. 30 ತಂಡ, ಎರಡು ಸುತ್ತು, ಪ್ರತಿ ವರ್ಷ ಜೂನ್ ತಿಂಗಳ ಕೊನೆಗೆ. ಹಿಂದಿನ ಸೀಸನ್‌ನಲ್ಲಿ ಸೋತು ಸುಣ್ಣವಾದ ತಂಡಗಳು ಮೊದಲು ಆರಿಸಿಕೊಳ್ಳುತ್ತವೆ. ಹಾಗೆಂದು ಬೇಕಂತಲೇ ಸೋಲಬಾರದಲ್ಲ, ಅದಕ್ಕೆ ಕೆಳಗಿನ 14 ತಂಡಗಳ ನಡುವೆ ಒಂದು ಲಾಟರಿ. ಗಾಳಿ ಊದುವ ಪೆಟ್ಟಿಗೆಯಲ್ಲಿ 14 ಪಿಂಗ್‌ಪಾಂಗ್ ಚೆಂಡು ಹಾಕಿ ಎತ್ತುತ್ತಾರೆ. 2025ರಲ್ಲಿ ಡಲ್ಲಾಸ್ ತಂಡಕ್ಕೆ ಗೆಲ್ಲುವ ಅವಕಾಶ ಇದ್ದದ್ದು ನೂರಕ್ಕೆ 1.8. ಅದಕ್ಕೇ ಬಂತು. ಅವರು ಕೂಪರ್ ಫ್ಲ್ಯಾಗ್ ಎಂಬ ಹುಡುಗನನ್ನು ಎತ್ತಿಕೊಂಡರು. ಅವನ ಮಾತು ಕೊನೆಗೆ ಬರುತ್ತದೆ.

ನಮ್ಮ ತಾತ ಎತ್ತು ಕೊಳ್ಳಲು ಚುಂಚನಕಟ್ಟೆ ಜಾತ್ರೆಗೆ ಹೋಗುವಾಗ ನನ್ನನ್ನೂ ಕರೆದೊಯ್ಯುತ್ತಿದ್ದರು. ಮಾರುವವನು ಎತ್ತಿನ ಮೈ ತೊಳೆದು, ಕೊಂಬಿಗೆ ಎಣ್ಣೆ ಸವರಿ, ಕುಚ್ಚು ಕಟ್ಟಿ ನಿಲ್ಲಿಸಿರುತ್ತಿದ್ದ. ತಾತ ಅದ್ಯಾವುದನ್ನೂ ನೋಡುತ್ತಿರಲಿಲ್ಲ. ಸೀದಾ ಹೋಗಿ ಎತ್ತಿನ ತುಟಿ ಎತ್ತಿ ಹಲ್ಲು ಎಣಿಸುತ್ತಿದ್ದರು. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ. ಅದು ಗೊತ್ತಾದ ಮೇಲೇ ಟವೆಲ್ಲಿನ ಕೆಳಗೆ ಕೈ ಹೋಗುತ್ತಿದ್ದದ್ದು. ಅಮೆರಿಕದಲ್ಲಿ ಕೋಟಿಗಟ್ಟಲೆ ಸಂಬಳ ತೆಗೆದುಕೊಂಡು ತಂಡಕ್ಕೆ ಆಟಗಾರರನ್ನು ಹುಡುಕುವ ಸ್ಕೌಟ್‌ಗಳು ಇದನ್ನು ಮರೆತು ಕೈ ಸುಟ್ಟುಕೊಂಡಿದ್ದಾರೆ. ಒಂದು ಸಲ ಅಲ್ಲ, ಬಹಳ ಸಲ.

ಈಗ ನನಗೆ ಇಷ್ಟವಾದ ಕಥೆ.

2011. ನನ್ನ ಅಕ್ಕನ ಮಗ ಆಗ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಕೆಲಸದಲ್ಲಿದ್ದ. ಹತ್ತಿರದ ಸ್ಯಾಕ್ರಮೆಂಟೊ ಕಿಂಗ್ಸ್ ತಂಡದ ಕಟ್ಟಾ ಅಭಿಮಾನಿ. ಆ ಬೇಸಿಗೆಯಲ್ಲಿ ಊರಿಗೆ ಬಂದವನು ಚೀಲ ಇಳಿಸುವ ಮೊದಲೇ ಒಂದು ಪೆನ್‌ಡ್ರೈವ್ ನನ್ನ ಕೈಗೆ ಕೊಟ್ಟ. "ಮಾವ, ಇದನ್ನ ನೋಡಿ. ಆಮೇಲೆ ಮಾತಾಡೋಣ." ಅದರಲ್ಲಿದ್ದದ್ದು ಒಂದು ಕಾಲೇಜು ಪಂದ್ಯ. ಅದೇ ವರ್ಷ ಜನವರಿ 26ರಂದು, ನಾವಿಲ್ಲಿ ಗಣರಾಜ್ಯೋತ್ಸವದ ಲಾಡು ತಿಂದ ದಿನ, ಯೂಟಾ ರಾಜ್ಯದ ಪ್ರೊವೊ ಎಂಬ ಊರಲ್ಲಿ ನಡೆದದ್ದು. ಒಂದು ಕಡೆ ಆ ಊರಿನ ಬ್ರಿಗ್‌ಹ್ಯಾಮ್ ಯಂಗ್ ಯೂನಿವರ್ಸಿಟಿ. ಇನ್ನೊಂದು ಕಡೆ ಸ್ಯಾನ್ ಡಿಯೇಗೊ ಸ್ಟೇಟ್. ಸ್ಯಾನ್ ಡಿಯೇಗೊದವರು ಆ ಸೀಸನ್‌ನಲ್ಲಿ 20ಕ್ಕೆ 20 ಗೆದ್ದು ಬಂದಿದ್ದರು.

ಪ್ರೊವೊ ತಂಡದಲ್ಲಿ ಒಬ್ಬ ಹುಡುಗ, ಹೆಸರು ಜಿಮ್ಮರ್ ಫ್ರೆಡೆಟ್. ಆ ವರ್ಷ ಅಮೆರಿಕದ ಕಾಲೇಜುಗಳಲ್ಲೆಲ್ಲ ಅತಿ ಹೆಚ್ಚು ಪಾಯಿಂಟ್ ಹೊಡೆದವನು ಅವನೇ, ಪಂದ್ಯಕ್ಕೆ ಸರಾಸರಿ ಸುಮಾರು 29. ಮೂರು ಪಾಯಿಂಟಿನ ಗೆರೆಯಿಂದ ಇನ್ನೂ ನಾಲ್ಕು ಹೆಜ್ಜೆ ಹಿಂದೆ ನಿಂತು ಎಸೆಯುತ್ತಾನೆ, ಬೀಳುತ್ತದೆ. ಮೈಮೇಲೆ ಇಬ್ಬರು ಬಂದರೂ ಎಸೆಯುತ್ತಾನೆ, ಬೀಳುತ್ತದೆ. ಆ ರಾತ್ರಿ ಒಬ್ಬನೇ 43 ಪಾಯಿಂಟ್ ಹೊಡೆದ. ಸ್ಯಾನ್ ಡಿಯೇಗೊದವರು ಮೊದಲ ಸಲ ಸೋತರು. ಜನ ಹುಚ್ಚೆದ್ದು ಕುಣಿದರು. ನನ್ನ ಅಳಿಯ ಪಕ್ಕದಲ್ಲಿ ಕೂತು, "ನೋಡಿ ಮಾವ, ನೋಡಿ ಮಾವ" ಎಂದು ನನ್ನ ಮೊಣಕಾಲು ಗುದ್ದುತ್ತಿದ್ದ. ಕಾಫಿ ಆರಿ ತಣ್ಣಗಾಯಿತು.

ನಾನು ನೋಡುತ್ತಿದ್ದದ್ದು ಬೇರೆ ಹುಡುಗನನ್ನು. ಸೋತ ತಂಡದವನು. ಕವಾಯ್ ಲೆನರ್ಡ್. ನಗು ಇಲ್ಲ, ಕೂಗು ಇಲ್ಲ. ಎತ್ತರ ಆರು ಅಡಿ ಏಳು ಇಂಚು ಇರಬಹುದು. ಆದರೆ ಎರಡೂ ಕೈ ಅಗಲಿಸಿದರೆ ಬೆರಳ ತುದಿಯಿಂದ ಬೆರಳ ತುದಿಗೆ ಏಳು ಅಡಿ ಮೂರು ಇಂಚು. ಹೂ ಮಾರುವವರ ಲೆಕ್ಕದಲ್ಲಿ ಅವನದು ಬಹಳ ದೊಡ್ಡ ಮಾರು. ಹೂ ಕೊಳ್ಳುವವರಿಗೆ ಲಾಭ. ಅಂಗೈಯಂತೂ ಊಟದ ತಟ್ಟೆ. ರಿಂಗಿಗೆ ತಾಗಿ ಬಂದ ಚೆಂಡನ್ನು ತಳ್ಳುಗಾಡಿಯಿಂದ ಮೂಸಂಬಿ ಎತ್ತಿಕೊಂಡ ಹಾಗೆ ಒಂದೇ ಕೈಯಲ್ಲಿ ಎತ್ತಿಕೊಳ್ಳುತ್ತಿದ್ದ. ದೂರದಿಂದ ಎಸೆದರೆ ಮಾತ್ರ ಬೀಳುತ್ತಿರಲಿಲ್ಲ. ಕಾಲೇಜಿನಲ್ಲಿ ಅವನ ಮೂರು ಪಾಯಿಂಟಿನ ಎಸೆತ ನಾಲ್ಕಕ್ಕೆ ಒಂದು ಬಿದ್ದರೆ ಹೆಚ್ಚು.

ಪಂದ್ಯ ಮುಗಿದ ಮೇಲೆ ಅಳಿಯನನ್ನು ಕೇಳಿದೆ, "ಲೋ, ಇವರಿಬ್ಬರ ವಯಸ್ಸೆಷ್ಟು?" ಅವನಿಗೆ ಸಿಟ್ಟು ಬಂತು. "ವಯಸ್ಸು ಕಟ್ಕೊಂಡು ಏನ್ ಮಾಡ್ತೀರ ಮಾವ, 43 ಹೊಡೆದಿದ್ದಾನೆ!" ಆದರೂ ಲ್ಯಾಪ್‌ಟಾಪ್ ತೆಗೆದು ನೋಡಿದ. ಜಿಮ್ಮರ್ ಹುಟ್ಟಿದ್ದು 1989ರ ಫೆಬ್ರವರಿ. ಕವಾಯ್ ಹುಟ್ಟಿದ್ದು 1991ರ ಜೂನ್. ಡ್ರಾಫ್ಟಿನ ದಿನ ಒಬ್ಬನಿಗೆ 22, ಇನ್ನೊಬ್ಬನಿಗೆ ಇನ್ನೂ 19.

ಎರಡು ವರ್ಷ ಚಿಲ್ಲರೆ ಏನು ಮಹಾ ಅನ್ನಿಸಬಹುದು. ಮೂವತ್ತು ದಾಟಿದ ನಮಗೆ ಏನೂ ಅಲ್ಲ. ಹತ್ತೊಂಬತ್ತರ ಹುಡುಗನಿಗೆ ಅದೇ ಎಲ್ಲ. ಡಿಗ್ರಿ ಕೊನೇ ವರ್ಷದವನನ್ನು ಕರೆತಂದು ಪಿಯುಸಿ ಪರೀಕ್ಷೆ ಬರೆಸಿ, ಫಸ್ಟ್ ಬಂದ ಅಂತ ಹಾರ ಹಾಕಿದ ಹಾಗೆ ಆಗುತ್ತದೆ. 22ರವನ ಎಲುಬು ಗಟ್ಟಿಯಾಗಿದೆ, ಮೈ ತುಂಬಿದೆ, ನಾಲ್ಕು ವರ್ಷ ಒಂದೇ ಕೋಚ್ ಹತ್ತಿರ ತಿದ್ದಿಸಿಕೊಂಡಿದ್ದಾನೆ. ನೀವು ನೋಡುತ್ತಿರುವುದು ಹೆಚ್ಚುಕಡಿಮೆ ಪೂರ್ತಿ ಕಟ್ಟಿದ ಮನೆ. 19ರವನದು ಇನ್ನೂ ಪಾಯ.

ಡ್ರಾಫ್ಟ್ ಆಯಿತು. ಜಿಮ್ಮರ್ ಹತ್ತನೆಯವನಾಗಿ ಹೋದ. ಅದೇ ರಾತ್ರಿಯ ಕೊಡುಕೊಳ್ಳುವಿಕೆಯಲ್ಲಿ ನನ್ನ ಅಳಿಯನ ಸ್ಯಾಕ್ರಮೆಂಟೊ ತಂಡಕ್ಕೇ ಸಿಕ್ಕ. ಇವನು ಕುಣಿದಾಡಿ 7ನೇ ನಂಬರಿನ ಜೆರ್ಸಿ ಕೊಂಡ. ಕವಾಯ್ ಹದಿನೈದನೆಯವನು. ಅವನನ್ನು ಇಂಡಿಯಾನಾ ಆರಿಸಿ, ಜಾರ್ಜ್ ಹಿಲ್ ಎಂಬ ಪಳಗಿದ ಆಟಗಾರನಿಗೆ ಬದಲಾಗಿ ಸ್ಯಾನ್ ಆಂಟೋನಿಯೊಗೆ ಕೊಟ್ಟುಬಿಟ್ಟಿತು. ಅಲ್ಲಿ ಚಿಪ್ ಎಂಗೆಲ್ಯಾಂಡ್ ಎಂಬ ಶೂಟಿಂಗ್ ಮೇಷ್ಟ್ರು ಇದ್ದರು. ಹುಡುಗ ಚೆಂಡು ಬಿಡುವ ರೀತಿಯನ್ನೇ ತಿದ್ದಿದರು. 19ರಲ್ಲಿ ತಿದ್ದಬಹುದು, ಸ್ವಾಮಿ. ಅದೇ ನಾನು ಹೇಳುತ್ತಿರುವುದು.

2014ರ ಜೂನ್. ಸ್ಯಾನ್ ಆಂಟೋನಿಯೊ ಫೈನಲ್‌ನಲ್ಲಿ ಮಯಾಮಿಯನ್ನು 4–1ರಲ್ಲಿ ಸೋಲಿಸಿತು. ಎದುರಿಗಿದ್ದವನು ಆ ಕಾಲದ ದೊಡ್ಡ ಆಟಗಾರ ಲೆಬ್ರಾನ್ ಜೇಮ್ಸ್. ಅವನನ್ನು ತಡೆಯುವ ಕೆಲಸ ಕವಾಯ್‌ಗೆ. ತಡೆದ. ಮೂರನೇ ಪಂದ್ಯದಲ್ಲಿ 29 ಪಾಯಿಂಟನ್ನೂ ಹೊಡೆದ. ಫೈನಲ್‌ನ ಶ್ರೇಷ್ಠ ಆಟಗಾರ ಅವನೇ. ಆಗ ಅವನ ವಯಸ್ಸು ಎಷ್ಟು, ಹೇಳಿ ನೋಡೋಣ. 22! ಜಿಮ್ಮರ್ ಡ್ರಾಫ್ಟಿಗೆ ಬಂದಾಗ ಎಷ್ಟಿತ್ತೋ ಅಷ್ಟು. ಆ ಹೊತ್ತಿಗೆ ಜಿಮ್ಮರ್‌ನನ್ನು ಸ್ಯಾಕ್ರಮೆಂಟೊ ಕೈಬಿಟ್ಟಿತ್ತು.

ಜಿಮ್ಮರ್ ಬಗ್ಗೆ ಹಗುರವಾಗಿ ಮಾತಾಡುತ್ತಿಲ್ಲ. ಮುಂದೆ ಚೀನಾಕ್ಕೆ ಹೋಗಿ ಶಾಂಘೈ ತಂಡದಲ್ಲಿ ದೊಡ್ಡ ಹೀರೋ ಆದ. ಒಂದೇ ಪಂದ್ಯದಲ್ಲಿ 70 ದಾಟಿದವನು. ತಪ್ಪು ಅವನದಲ್ಲ, ಹಲ್ಲು ಎಣಿಸದೆ ಕೊಂಬಿನ ಎಣ್ಣೆ ನೋಡಿದವರದು. ಆ ಜೆರ್ಸಿ ಇನ್ನೂ ಇದೆ. ಅಳಿಯನ ಮಗ ರಾತ್ರಿ ಮಲಗುವಾಗ ಹಾಕಿಕೊಳ್ಳುತ್ತಾನೆ.

ಈ ಕಥೆಯೇ ಮೂರು ಹಾಳೆ ತಿಂದುಬಿಟ್ಟಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

2010ರಲ್ಲಿ ಮಿನೆಸೋಟ ತಂಡ ನಾಲ್ಕನೆಯವನಾಗಿ ವೆಸ್ಲಿ ಜಾನ್ಸನ್‌ನನ್ನು ಆರಿಸಿತು. ಅವನಿಗೆ 23 ತುಂಬಲು ಮೂರು ವಾರ ಕೂಡ ಇರಲಿಲ್ಲ. ಅವನ ಹಿಂದೆಯೇ ಐದನೆಯವನಾಗಿ ಹೋದ ಡಿಮಾರ್ಕಸ್ ಕಸಿನ್ಸ್‌ಗೆ 19. ಹತ್ತನೆಯವನಾಗಿ ಹೋದ ಪಾಲ್ ಜಾರ್ಜ್‌ಗೆ 20. ಯಾರು ದೊಡ್ಡ ಆಟಗಾರರಾದರು ಎಂದು ನಾನು ಹೇಳಬೇಕಾಗಿಲ್ಲ. 2016ರಲ್ಲಿ ಬಡ್ಡಿ ಹೀಲ್ಡ್ ಆರನೆಯವನು, ಜಮಾಲ್ ಮರ್ರಿ ಏಳನೆಯವನು. ಮರ್ರಿಗೆ 19. ಹೀಲ್ಡ್‌ಗೆ 22 ಎಂದುಕೊಂಡಿದ್ದರು. 2018ರಲ್ಲಿ ನೋಡಿದರೆ, ಎಲ್ಲರೂ ನಂಬಿದ್ದ ಹುಟ್ಟಿದ ವರ್ಷವೇ ತಪ್ಪು, ಡ್ರಾಫ್ಟಿನ ದಿನ ಅವನಿಗೆ 23 ಆಗಿತ್ತು! ವಯಸ್ಸಿನ ಗೊಂದಲ ನಮ್ಮ ಜಿಲ್ಲಾ ಮಟ್ಟದಲ್ಲಿ ಮಾತ್ರ ಅಂದುಕೊಂಡಿದ್ದಿರಾ?

"ಅಷ್ಟು ದೊಡ್ಡ ಆಟಗಾರ ಟಿಮ್ ಡಂಕನ್ ನಾಲ್ಕು ವರ್ಷ ಕಾಲೇಜು ಓದಿ ಬಂದವನಲ್ವಾ ಸಾರ್" ಎಂದು ಯಾವನೋ ಒಬ್ಬ ಕೈ ಎತ್ತೇ ಎತ್ತುತ್ತಾನೆ. ಹೌದಪ್ಪ. ಕೂತ್ಕೋ.

ಮೇ ತಿಂಗಳಲ್ಲಿ ಶಿಕಾಗೊದಲ್ಲಿ ಕಂಬೈನ್ ಎಂದು ನಡೆಯುತ್ತದೆ. ಶೂ ಬಿಚ್ಚಿಸಿ ಎತ್ತರ ಅಳೆಯುತ್ತಾರೆ, ಮಾರು ಅಳೆಯುತ್ತಾರೆ, ನೆಗೆಸುತ್ತಾರೆ, ಓಡಿಸುತ್ತಾರೆ. ಇದರಲ್ಲಿ ಮಾರಿನ ಅಳತೆ ಬರೆದಿಟ್ಟುಕೊಳ್ಳಿ, ಅದು ಬದಲಾಗುವುದಿಲ್ಲ. ಶಕ್ತಿಯ ಲೆಕ್ಕ ಬಿಡಿ. 2007ರಲ್ಲಿ ಮಲಗಿಕೊಂಡು 84 ಕೆಜಿ ಭಾರ ಎತ್ತಲು ಹೇಳಿದರೆ ಮುಂದೆ ಮಹಾ ಆಟಗಾರನಾದ ಕೆವಿನ್ ಡುರಾಂಟ್‌ಗೆ ಒಂದೇ ಒಂದು ಸಲ ಕೂಡ ಎತ್ತಲಾಗಲಿಲ್ಲ. ಜನ ನಕ್ಕರು. ಅವನಿಗೆ ಆಗ 18 ವರ್ಷ. 18ರ ಹುಡುಗನ ತೋಳು ನೋಡಿ ನಗುವವರಿಗೆ ಏನು ಹೇಳೋಣ.

ಫೌಲ್ ಆದಾಗ ಸಿಗುವ ಫ್ರೀ ಥ್ರೋ ನೋಡಿ. ಯಾರೂ ಅಡ್ಡ ಇಲ್ಲ, ಓಟ ಇಲ್ಲ, ಕೈ ಮಾತ್ರ. ಮುಂದೆ ಅವನು ದೂರದಿಂದ ಎಸೆಯುವುದು ಕಲಿಯುತ್ತಾನಾ ಎಂಬುದು ಕಾಲೇಜಿನ ಮೂರು ಪಾಯಿಂಟಿನ ಲೆಕ್ಕಕ್ಕಿಂತ ಫ್ರೀ ಥ್ರೋದಲ್ಲೇ ಚೆನ್ನಾಗಿ ಗೊತ್ತಾಗುತ್ತದೆ. ಪಾಸ್ ನೋಡಿ. 2014ರಲ್ಲಿ ಡೆನ್ವರ್ ತಂಡ 41ನೆಯವನಾಗಿ ಸೆರ್ಬಿಯಾದ ದಡಿಯ ಹುಡುಗನೊಬ್ಬನನ್ನು ಆರಿಸಿದಾಗ ಅಮೆರಿಕದ ಟಿವಿಯಲ್ಲಿ ತಿಂಡಿಯ ಜಾಹೀರಾತು ಓಡುತ್ತಿತ್ತು. ಅವನೂ ನಿದ್ದೆ ಮಾಡುತ್ತಿದ್ದ. ನಿಕೊಲಾ ಯೋಕಿಚ್. ನೆಗೆತ ಇಲ್ಲ, ಓಟ ಇಲ್ಲ, ಆದರೆ ಚೆಂಡು ಎಲ್ಲಿ ಹೋಗಬೇಕೋ ಅಲ್ಲಿಗೆ ಕಳಿಸುತ್ತಿದ್ದ. 2021, 2022, 2024, ಮೂರು ಸಲ ಲೀಗಿನ ಶ್ರೇಷ್ಠ ಆಟಗಾರ. ಆರಿಸಿದಾಗ ವಯಸ್ಸು? 19.

ನಮ್ಮ ಸತ್ನಾಮ್ ಸಿಂಗ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಪಂಜಾಬಿನ ಬಲ್ಲೋ ಕೆ ಹಳ್ಳಿಯವನು, ಏಳು ಅಡಿ ಎರಡು ಇಂಚು. 2015ರಲ್ಲಿ ಡಲ್ಲಾಸ್ 52ನೆಯವನಾಗಿ ಆರಿಸಿತು, ಡ್ರಾಫ್ಟಿನಲ್ಲಿ ಹೆಸರು ಬಂದ ಮೊದಲ ಭಾರತೀಯ. ವಯಸ್ಸು 19 ಇತ್ತು, ಮೈ ಇತ್ತು. ಆದರೆ ಅಷ್ಟರಲ್ಲಿ ಆಟವೇ ಬದಲಾಗಿತ್ತು, ರಿಂಗಿನ ಕೆಳಗೆ ಬಂಡೆಯ ಹಾಗೆ ನಿಲ್ಲುವವರ ಕಾಲ ಮುಗಿಯುತ್ತಿತ್ತು. ಎನ್‌ಬಿಎ ಸೀಸನ್‌ನಲ್ಲಿ ಒಂದು ಪಂದ್ಯವೂ ಸಿಗಲಿಲ್ಲ. ಆಮೇಲೆ ಅಮೆರಿಕದ ಟಿವಿ ಕುಸ್ತಿಗೆ ಇಳಿದ.

ತಾಯಂದಿರಿಗೆ ಒಂದು ಮಾತು ಇದೆ ಅಂದಿದ್ದೆ. ಬಹಳ ಹಿಂದೆ ಒಂದು ಊರಿನಲ್ಲಿ ಹದಿನಾಲ್ಕರ ಒಳಗಿನವರ ಆಯ್ಕೆಗೆ ನನ್ನನ್ನು ಕರೆದಿದ್ದರು. ಚಿಗುರು ಮೀಸೆಯ ಒಬ್ಬ ಹುಡುಗ ಎಲ್ಲರನ್ನೂ ಮೊಣಕೈಯಲ್ಲಿ ತಳ್ಳಿ ಬುಟ್ಟಿಗೆ ಹಾಕುತ್ತಿದ್ದ. ಅವನ ಸರ್ಟಿಫಿಕೇಟಿನಲ್ಲಿ ಹದಿಮೂರು ಎಂದಿತ್ತು. ಅದನ್ನು ನಂಬುವಷ್ಟು ದಡ್ಡ ನಾನಲ್ಲ, ಆದರೂ ಗೆಲ್ಲಬೇಕಿತ್ತಲ್ಲ, ತೆಗೆದುಕೊಂಡೆ. ಕಡ್ಡಿಯ ಹಾಗಿದ್ದ ಇನ್ನೊಬ್ಬ ಹುಡುಗ ಚೆನ್ನಾಗಿ ಪಾಸ್ ಕೊಡುತ್ತಿದ್ದ. ಅಣ್ಣನ ಶೂ ಹಾಕಿಕೊಂಡು ಬಂದಿದ್ದ, ಒಳಗೆ ಪೇಪರ್ ತುರುಕಿದ್ದ. "ಮುಂದಿನ ವರ್ಷ ಬಾ" ಎಂದು ಕಳಿಸಿದೆ. ಬರಲಿಲ್ಲ. ಐದು ವರ್ಷದ ಮೇಲೆ ಒಂದು ವಾಲಿಬಾಲ್ ಟೂರ್ನಿಯಲ್ಲಿ ಯಾರೋ "ನಮಸ್ಕಾರ ಸಾರ್" ಅಂದರು. ಕತ್ತೆತ್ತಿ ನೋಡಬೇಕಾಯಿತು. ಅವನೇ. ನನಗಿಂತ ಒಂದು ಗೇಣು ಎತ್ತರ. ಹಾಗಾಗಿ ಅಮ್ಮಂದಿರೇ, ಹದಿಮೂರಕ್ಕೆ ಸೆಲೆಕ್ಟ್ ಆಗಲಿಲ್ಲ ಎಂದು ಮಗುವಿನ ಶೂ ಯಾರಿಗೋ ಕೊಟ್ಟುಬಿಡಬೇಡಿ. ಹುಟ್ಟಿದ ದಿನವನ್ನೂ ತಿದ್ದಿಸಬೇಡಿ, ದಯವಿಟ್ಟು.

ಕೂಪರ್ ಫ್ಲ್ಯಾಗ್ ಮಾತು ಬಾಕಿ ಇದೆ. ಆ ಹುಡುಗ ಹೈಸ್ಕೂಲನ್ನು ಒಂದು ವರ್ಷ ಮೊದಲೇ ಮುಗಿಸಿ ಡ್ಯೂಕ್ ಯೂನಿವರ್ಸಿಟಿ ಸೇರಿದ. ಮೊದಲ ಪಂದ್ಯ ಆಡಿದಾಗ ಇನ್ನೂ 17. ತನಗಿಂತ ನಾಲ್ಕೈದು ವರ್ಷ ದೊಡ್ಡವರ ನಡುವೆ ಆಡಿ, ಆ ವರ್ಷದ ಶ್ರೇಷ್ಠ ಕಾಲೇಜು ಆಟಗಾರ ಎನಿಸಿಕೊಂಡ. ಲಾಟರಿ ಮುಗಿದ ದಿನ ಅಳಿಯ ಫೋನ್ ಮಾಡಿದವನು ಹಲೋ ಕೂಡ ಅನ್ನಲಿಲ್ಲ. "2006 ಡಿಸೆಂಬರ್ 21, ಮಾವ" ಅಂದ.

ಗಾಯಗಳ ಬಗ್ಗೆ, ಎರಡನೇ ಸುತ್ತಿನ ಬಗ್ಗೆ ಬರೆದ ಎರಡು ಹಾಳೆ ಇಲ್ಲೇ ಮೇಜಿನ ಮೇಲಿವೆ. ಓದಲು ಹೊತ್ತಿಲ್ಲ. ನಮಸ್ಕಾರ.