ಐದು ತಂತಿ ಬೇಸ್ ಗಿಟಾರಿಗೆ ಯಾವ ಗೇಜ್? ಮೊದಲು ಬಿ ತಂತಿ ನೋಡ್ರಿ

ನಮಸ್ಕಾರ್ರಿ, ಕಲಬುರಗಿಯಿಂದ. ಬಿಸಲಿನ ಮಾತು ಬ್ಯಾಡ, ಫ್ಯಾನಿನ ಸಪ್ಪಳ ಕೇಳಿಸಿದ್ರ ಸುಧಾರಿಸ್ಕೋರಿ. ಇವತ್ತ ಐದು ತಂತಿ ಬೇಸ್ ಗಿಟಾರಿಗೆ ಹೊಸ ತಂತಿ ಸೆಟ್ ಹಾಕ್ಲಾಕತ್ತೀನಿ. ಯಾವ ಗೇಜ್, ಅಂದ್ರ ಎಷ್ಟು ದಪ್ಪಿನ ತಂತಿ, ತಗೋಬೇಕು ಅಂತ ಭಾಳ ಮಂದಿ ಕೇಳ್ತೀರಿ. ಎಲ್ಲಾದಕ್ಕಿಂತ ದಪ್ಪ, ತಳದ ಬಿ ತಂತಿ ಮೊದಲು ಆರಿಸ್ರಿ, ಉಳಿದ ನಾಲ್ಕು ಅದರ ಹಿಂದ ಬರ್ತಾವ.

ಯಾಕಂದ್ರ, ನಾವು ನುಡಿಸೂದು ಯಾರ ಜೋಡಿ? ಭಜನಿ, ತತ್ವಪದ, ವಚನ ಗಾಯನ, ಮದುವಿ ಆರ್ಕೆಸ್ಟ್ರಾ. ಹಾರ್ಮೋನಿಯಂ ಮುಂದ ಕುಂತವರು 'ಕಾಳಿ ಒಂದು' (ಸಿ ಶಾರ್ಪ್ ಶ್ರುತಿ) ಅಂದ್ರಂದ್ರ, ನಾಲ್ಕು ತಂತಿ ಬೇಸಿನವನಿಗೆ ತಳದ ಷಡ್ಜ ಇಲ್ಲೇ ಇಲ್ಲ. ಎ ತಂತಿ ನಾಲ್ಕನೇ ಫ್ರೆಟ್ಟಿಗೆ ಹೋಗಬೇಕು, ಅದೂ ಒಂದು ಸಪ್ತಕ ಮ್ಯಾಲಿಂದು. ನಮಗ ಅದು ಬಿ ತಂತಿ ಎರಡನೇ ಫ್ರೆಟ್ಟಿನಾಗ ಅದ. 'ಬಿಳಿ ಎರಡು' (ಡಿ ಶ್ರುತಿ) ಅಂದ್ರ ಮೂರನೇ ಫ್ರೆಟ್. 1965ರಾಗ ಫೆಂಡರ್ ಗಿಟಾರ್ ಕಂಪನಿ ತಂದ ಐದು ತಂತಿ ಬೇಸಿಗೆ ಐದನೇದು ಮ್ಯಾಲಿನ ಸಿ ಇತ್ತು, ಕೆಳಗಿನ ಬಿ ಅಲ್ಲ. ನಮ್ಮ ಕಡಿ ಭಜನಿಗೆ ಅದನ್ನ ತಗೊಂಡು ಏನ್ ಮಾಡೂದ್ರಿ?

ಈಗ ಪಾಕೀಟ್ ನೋಡ್ರಿ. 45-65-80-100-130. ಸಣ್ಣದರಿಂದ ದಪ್ಪಕ್ಕ ಜಿ, ಡಿ, ಎ, ಇ, ಬಿ ತಂತಿಗೋಳು. ಇವು ಇಂಚಿನ ಸಾವಿರದ ಒಂದು ಭಾಗದ ಲೆಕ್ಕ. 130 ಅಂದ್ರ 3.3 ಮಿಲಿಮೀಟರ್. ಅಂಗಡ್ಯಾಗ ಎಲ್ಲಾರೂ ದಪ್ಪ ಎಷ್ಟಂತ ಕೇಳ್ತಾರ. ಬೆರಳಿಗೆ ಗೊತ್ತಾಗೂದು ದಪ್ಪಲ್ಲ, ಬಿಗಿ. ಖುಲ್ಲಾ (ಫ್ರೆಟ್ ಒತ್ತದ) ಇ ತಂತಿ 41.2 ಹರ್ಟ್ಸ್, ಬಿ 30.87. ಎರಡೂ ಅಷ್ಟೇ ಬಿಗಿ ಇರಬೇಕಂದ್ರ ಬಿ ಸುಮಾರು 1.33 ಪಟ್ಟು ದಪ್ಪ ಬೇಕು. ಇ 100 ಇದ್ರ ಬಿ 133. ಹಂಗಾಗಿ 130 ಹೊಂದ್ತದ. ಇ 105 ಇಟ್ಟು ಬಿ 125 ಹಾಕಿದ್ರ? ಇ ಗಟ್ಟಿ, ಬಿ ಮಾತ್ರ ಸಡ್ಲ. ಇದೇ ಲೆಕ್ಕದ ಮ್ಯಾಲ ಡಿ'ಅಡಾರಿಯೊ ತಂತಿ ಕಂಪನಿಯವರು ನಾಲ್ಕು ತಂತಿಗೆ 45-60-80-107 ಅಂತ ಒಂದು ಸೆಟ್ ಮಾಡ್ಯಾರ. ನನ್ನ ಕೈಯಾಗಿನ ಸೆಟ್ಟಿನಾಗ 65ರ ಡಿ ಎಲ್ಲಾದಕ್ಕಿಂತ ಬಿಗಿ, ಬಿ ಎಲ್ಲಾದಕ್ಕಿಂತ ಸಡ್ಲ. ಒತ್ತಿ ನೋಡಿದ್ರ ಬೆರಳೇ ಹೇಳ್ತದ.

ಹಂಗಾರ 145 ಹಾಕೂಣೇನು? ಬ್ಯಾಡ್ರಿ. ದಪ್ಪಾದಂಗ ತಂತಿ ಸೆಟೀತದ, ಮ್ಯಾಲಿನ ಹಾರ್ಮೋನಿಕ್ಸ್ (ಮೂಲ ಸ್ವರದ ಜೋಡಿ ಹುಟ್ಟೂ ಉಪಸ್ವರ) ಸ್ವರ ಬಿಟ್ಟು ಏರ್ತಾವ. ಇದನ್ನ ಫೋನ್ ಸ್ಪೀಕರಿನಾಗ ಕೇಳ್ಲಾಕತ್ತೀರಂದ್ರ 31 ಹರ್ಟ್ಸ್ ನಿಮಗ ಕೇಳಿಸೂದೇ ಇಲ್ಲ, ಕೇಳಿಸೂದು ಆ ಹಾರ್ಮೋನಿಕ್ಸೇ. ಸಣ್ಣ ಆಂಪಿನಾಗೂ ಅದೇ ಕಥಿ. ಅವೇ ಬೇಸುರಾದ್ರ, ಬಿ ತಂತಿ ಗೋಣಿಚೀಲ ಬಡದಂಗ 'ಧಬ್' ಅಂತದ, ಸ್ವರ ಯಾವುದಂತ ತಿಳಿಯೂದಿಲ್ಲ.

ಕ್ಯಾಮೆರಾ ಹತ್ರ ತರ್ತೀನಿ. ಬ್ರಿಜ್ಜಿನ ಸ್ಯಾಡಲ್, ಅಂದ್ರ ಬುಡದಾಗ ತಂತಿ ಕೂಡೂ ತುಂಡು, ಅದರ ಮ್ಯಾಲ ಈ ಬಿ ತಂತಿ ಸಣ್ಣಾಗ್ಯದ, ಕಂಡ್ತೇನು? ಮ್ಯಾಲಿನ ಸುತ್ತು ಇಲ್ಲಿಗೆ ನಿಂತದ, ಒಳಗಿನ ಸುತ್ತು ಅಷ್ಟೇ ಮುಂದ ಹೋಗ್ಯದ. ಇದಕ್ಕ ಟೇಪರ್ ಅಂತಾರ. ತುದಿಗೆ ಸಲೀಸಾಗಿ ಬಾಗ್ತದ, ದನಿ ಬಿಡಿಸಿ ಕೇಳಸ್ತದ. ಸಿಕ್ರ ಟೇಪರ್ ಬಿ ತಗೋರಿ. ದಪ್ಪ ಏರ್ಸೂದಕ್ಕಿಂತ ನನಗ ಇದೇ ಹೆಚ್ಚಿಗಿ ಅನಸ್ತದ.

ನಿಮ್ಮ ಬೇಸ್ 35 ಇಂಚಿನ ಸ್ಕೇಲಾ (ನಟ್ಟಿನಿಂದ ಸ್ಯಾಡಲ್ ತನಕ ತಂತಿ ಉದ್ದ)? 34ಕ್ಕಿಂತ ಅದೇ ತಂತಿ ಸುಮಾರು 6 ಪರ್ಸೆಂಟ್ ಹೆಚ್ಚು ಬಿಗಿ ಕೂಡ್ತದ. ಅದರಾಗ 125 ಹಾಕಿದ್ರೂ 34ರ 130ಕ್ಕ ಹತ್ರ ಹತ್ರ ಬರ್ತದ. 130 ಬಿಟ್ಟು 135ಕ್ಕ ಹೋದ್ರ ಬಿಗಿ ಸುಮಾರು 8 ಪರ್ಸೆಂಟ್ ಏರ್ತದ. ಜೋರಾಗಿ ಮೀಟೂ ಕೈ ಇದ್ದವರು ಹೋಗಬಹುದು, ಆದ್ರ ನಟ್ಟಿನ (ತಲಿ ಕಡಿ ತಂತಿ ಕೂಡೂ ಪಟ್ಟಿ) ಕಚ್ಚಿನ ಅಗಲ ನೋಡ್ರಿ. ತಂತಿ ಕಚ್ಚಿನೊಳಗ ಇಳೀದೇ ಮ್ಯಾಲ ಕುಂತ್ರ ಫೈಲಿನಿಂದ ತಿಕ್ಕಬೇಕಾಗ್ತದ. ಹಂಗ ತಿಕ್ಕಿದ ಮ್ಯಾಲ ಮತ್ತ ಸಣ್ಣ ತಂತಿ ಹಾಕಿದ್ರ ಅದು ಕಚ್ಚಿನೊಳಗ ಅಲಗಾಡ್ತದ.

ಜಾತ್ರಿ ಸ್ಟೇಜಿನವರಿಗೆ ಒಂದ್ ಮಾತು: ಎಸಿ ಕೋಣಿಯಿಂದ ಬೇಸ್ ತಂದು ಸೀದಾ ನುಡಿಸಬ್ಯಾಡ್ರಿ. ಕಾವಿಗೆ ತಂತಿ ಹಿಗ್ತದ, ಸ್ವರ ಇಳೀತದ. ಹತ್ತು ನಿಮಿಷ ಬಿಟ್ಟು ಟ್ಯೂನ್ ಮಾಡ್ರಿ. ಕ್ಲಿಪ್ ಟ್ಯೂನರ್ ಖುಲ್ಲಾ ಬಿ ಹಿಡೀಲಿಲ್ಲಂದ್ರ 12ನೇ ಫ್ರೆಟ್ಟಿನ ಹಾರ್ಮೋನಿಕ್ (ಒತ್ತದ, ತಂತಿ ಬರೇ ಮುಟ್ಟಿ) ಹೊಡೀರಿ, ಸುಮಾರು 62 ಹರ್ಟ್ಸ್, ಗಪ್ಪನೆ ಹಿಡೀತದ. ಅದೇ ಫ್ರೆಟ್ ಒತ್ತಿ ನುಡಿಸಿದಾಗ ಸ್ವರ ಏರಿದ್ರ ಬಿ ಸ್ಯಾಡಲ್ ಹಿಂದ ಸರಸ್ರಿ.