ಹೋಲಿಸಲು ಗಂಡಸರೇ ಇಲ್ಲದ ಕೆಲಸಕ್ಕೆ ಸಮಾನ ವೇತನ

ಮಾನ್ಯರೇ,

ಸಮಾನ ಕೆಲಸಕ್ಕೆ ಸಮಾನ ವೇತನ ಎಂಬ ತತ್ತ್ವವನ್ನು ಇಂದು ಬಹಿರಂಗವಾಗಿ ವಿರೋಧಿಸುವವರು ಸಿಗುವುದಿಲ್ಲ. ಸಂವಿಧಾನದ 39ನೇ ವಿಧಿ ಅದನ್ನು ಹೇಳಿದೆ. 1976ರ ಸಮಾನ ವೇತನ ಕಾಯ್ದೆ ಅದಕ್ಕೆ ಶಾಸನದ ಬಲ ಕೊಟ್ಟಿತು. ಆದರೆ ಒಂದು ಕೆಲಸವನ್ನು ಹೆಂಗಸರು ಮಾತ್ರ ಮಾಡುತ್ತಿದ್ದರೆ, ಅವರ ಸಂಬಳ ಕಡಿಮೆಯೋ ಸರಿಯೋ ಎಂಬುದನ್ನು ಯಾರ ಸಂಬಳದ ಪಕ್ಕದಲ್ಲಿಟ್ಟು ನೋಡಬೇಕು? ಈ ಪ್ರಶ್ನೆಯನ್ನು ನಮ್ಮ ಅಂಗನವಾಡಿಗಳನ್ನು ಮುಂದಿಟ್ಟುಕೊಂಡು ಕೇಳಬಯಸುತ್ತೇನೆ.

ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಮೊದಲು ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ಅವುಗಳ ಕಾರ್ಯಕರ್ತೆಯರೂ ಸಹಾಯಕಿಯರೂ ಎಲ್ಲರೂ ಮಹಿಳೆಯರೇ.

ಅವರ ಕೆಲಸ ಎಂಥದು ಎಂಬುದನ್ನು ತಿಳಿಯಲು ಮಕ್ಕಳ ತೂಕ ನೋಡುವ ದಿನ ಒಂದು ಅಂಗನವಾಡಿಯಲ್ಲಿ ಸ್ವಲ್ಪ ಹೊತ್ತು ಕುಳಿತರೆ ಸಾಕು. ಎರಡು ವರ್ಷದ ಮಗು ತೂಕದ ಯಂತ್ರದ ಮೇಲೆ ಸುಮ್ಮನೆ ನಿಲ್ಲುವುದಿಲ್ಲ. ಅಳುವ ಮಗುವನ್ನು ತಾಯಿಯ ಕೈಗೆ ಕೊಟ್ಟು ಇಬ್ಬರನ್ನೂ ಸೇರಿಸಿ ತೂಗಿ, ಅನಂತರ ತಾಯಿಯನ್ನು ಮಾತ್ರ ತೂಗಿ, ಅದನ್ನು ಕಳೆದು ಲೆಕ್ಕ ಹಿಡಿಯಬೇಕು. ಎತ್ತರ ಅಳೆದು, ಬೆಳವಣಿಗೆಯ ನಕ್ಷೆಯಲ್ಲಿ ಗುರುತು ಹಾಕಿ, ಅದೇ ಅಂಕಿಗಳನ್ನು ಪೌಷ್ಟಿಕತೆಯ ಲೆಕ್ಕವಿಡುವ ಮೊಬೈಲ್ ಆ್ಯಪ್ ಪೋಷಣ್ ಟ್ರ್ಯಾಕರ್‌ಗೂ ತುಂಬಬೇಕು. ಅಲ್ಲಿ ಒಂದು ಅಂಕಿ ತಪ್ಪಿದರೆ ತೀವ್ರ ಅಪೌಷ್ಟಿಕತೆಯಿಂದ ನರಳುವ ಮಗುವೊಂದು ಯಾರ ಕಣ್ಣಿಗೂ ಬೀಳದೆ ಹೋಗಬಹುದು. ಇದರ ಜೊತೆಗೆ ಶಾಲಾಪೂರ್ವ ಶಿಕ್ಷಣ, ಮನೆಮನೆ ಭೇಟಿ, 2017ರಿಂದ ಮಾತೃಪೂರ್ಣ ಯೋಜನೆಯಡಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಬಿಸಿಯೂಟ. ಅನೇಕರ ಹೆಗಲಿಗೆ ಮತದಾರರ ಪಟ್ಟಿಯ ಕೆಲಸ ಕೂಡ ಬಿದ್ದಿದೆ.

ಇಷ್ಟಕ್ಕೆ ಸಿಗುವುದು ಗೌರವಧನ. ಕೇಂದ್ರವು 2018ರಲ್ಲಿ ಕಾರ್ಯಕರ್ತೆಗೆ ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250 ರೂಪಾಯಿ ಎಂದು ಗೊತ್ತುಮಾಡಿತು. ಅದರ ಮೇಲೆ ರಾಜ್ಯಗಳು ತಮ್ಮ ಪಾಲು ಸೇರಿಸುತ್ತವೆ. ಸಹಾಯಕಿಯ ಕೆಲಸ ಕಾರ್ಯಕರ್ತೆಯ ಕೆಲಸದ ಸರಿಯಾಗಿ ಅರ್ಧ ಎಂದು ತೂಗಿ ನೋಡಿದವರು ಯಾರು? ಮಕ್ಕಳನ್ನು ನೋಡಿಕೊಳ್ಳುವುದು, ಅಡುಗೆ ಮಾಡುವುದು, ಬಸುರಿಯರ ಆರೈಕೆ, ಇವೆಲ್ಲ ಹೆಂಗಸರು ಮನೆಯಲ್ಲಿ ಹೇಗೂ ಮಾಡುವ ಕೆಲಸಗಳು ಎಂಬ ನಂಬಿಕೆಯೇ ಈ ಮೊತ್ತಗಳ ಹಿಂದಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಮನೆಯಲ್ಲಿ ಕೂಲಿಯಿಲ್ಲದೆ ನಡೆಯುವ ಕೆಲಸಕ್ಕೆ ಹೊರಗೂ ಬೆಲೆ ಸಿಗದೆ ಹೋಗಿದೆ.

ಕಾನೂನು ಇಲ್ಲಿ ಎಡವುತ್ತದೆ. 1976ರ ಕಾಯ್ದೆಯೂ, ಅದರ ಸ್ಥಾನಕ್ಕೆ ಬಂದ 2019ರ ವೇತನ ಸಂಹಿತೆಯೂ ‘ಒಂದೇ ಕೆಲಸ ಅಥವಾ ಅದೇ ಸ್ವರೂಪದ ಕೆಲಸ’ವನ್ನು ಮಾತ್ರ ಹೋಲಿಸುತ್ತವೆ. ಭಾರತವು 1958ರಲ್ಲಿ ಅನುಮೋದಿಸಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 100ನೇ ಒಡಂಬಡಿಕೆಯಾದರೋ ‘ಸಮಾನ ಮೌಲ್ಯದ ಕೆಲಸ’ ಎನ್ನುತ್ತದೆ. ಅದರ ಪ್ರಕಾರ ಕೆಲಸಗಳು ಬೇರೆ ಬೇರೆಯಾಗಿದ್ದರೂ ಅವು ಬೇಡುವ ಕೌಶಲ, ಶ್ರಮ, ಹೊಣೆ ಸಮನಾಗಿದ್ದರೆ ವೇತನವೂ ಸಮನಾಗಿರಬೇಕು.

ನಮ್ಮ ನ್ಯಾಯಾಲಯಗಳು ಈ ದಿಕ್ಕಿನಲ್ಲಿ ಹೆಜ್ಜೆಯನ್ನೇ ಇಟ್ಟಿಲ್ಲವೆಂದಲ್ಲ. ಮೆಕಿನಾನ್ ಮೆಕೆಂಜಿ ಕಂಪನಿಯ ವಿರುದ್ಧ ಆಡ್ರಿ ಡಿಕೋಸ್ಟ ಅವರು ಹೂಡಿದ ಮೊಕದ್ದಮೆಯಲ್ಲಿ 1987ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬರೆದವರು ಕನ್ನಡಿಗರೇ ಆದ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯನವರು. ಹಿರಿಯ ಅಧಿಕಾರಿಗಳ ಆಪ್ತ ಸ್ಟೆನೋಗ್ರಾಫರ್ ಹುದ್ದೆಗಳಲ್ಲಿ ಹೆಂಗಸರೇ ಇದ್ದರೆ ಅದು ಆಡಳಿತ ಮಂಡಳಿ ಅವರನ್ನು ಅಲ್ಲಿ ಬಯಸಿದ್ದರಿಂದ. ಆ ಕಾರಣಕ್ಕೆ ಅವರಿಗೆ ಕಡಿಮೆ ಸಂಬಳ ಕೊಡುವಂತಿಲ್ಲ ಎಂಬುದು ಅದರ ಸಾರ. ಆದರೆ ಅಲ್ಲಿ ಹೋಲಿಸಲು ಅದೇ ಕಂಪನಿಯ ಪುರುಷ ಸ್ಟೆನೋಗ್ರಾಫರುಗಳಿದ್ದರು. ಅಂಗನವಾಡಿಯಲ್ಲಿ ಅಂಥವರು ಇಲ್ಲ. 2022ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಅಂಗನವಾಡಿಯವರಿಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡಿಗಂಟು, ಸಲ್ಲಬೇಕೆಂದಿತು, ಅವರದು ಅರೆಕಾಲಿಕ ಕೆಲಸವೆನ್ನಲಾಗದು ಎಂದಿತು. ದೊಡ್ಡ ಗೆಲುವೇ ಸರಿ. ಆದರೂ ತಿಂಗಳ ಸಂಬಳದ ಪ್ರಶ್ನೆ ಹಾಗೆಯೇ ಉಳಿಯಿತು.

ನ್ಯೂಜಿಲೆಂಡಿನಲ್ಲಿ ಕ್ರಿಸ್ಟೀನ್ ಬಾರ್ಟ್ಲೆಟ್ ಎಂಬ ವೃದ್ಧರ ಆರೈಕೆಯ ಕೆಲಸಗಾರ್ತಿ 2012ರಲ್ಲಿ ಇದೇ ಪ್ರಶ್ನೆಯನ್ನು ಎತ್ತಿದರು. ತಮ್ಮ ಜೊತೆ ಕೆಲಸ ಮಾಡುವ ಕೆಲವೇ ಗಂಡಸರಿಗೂ ಅಷ್ಟೇ ಕಡಿಮೆ ಸಂಬಳವಿದೆ, ಏಕೆಂದರೆ ಇದನ್ನು ಹೆಂಗಸರ ಕೆಲಸವೆಂದು ಎಣಿಸಲಾಗಿದೆ ಎಂಬುದು ಅವರ ವಾದ. ಹೋಲಿಕೆಗೆ ಬೇರೆ ಉದ್ಯೋಗಗಳನ್ನೂ ನೋಡಬಹುದೆಂದು ನ್ಯಾಯಾಲಯಗಳು ಒಪ್ಪಿದವು. 2017ರಲ್ಲಿ ಸರ್ಕಾರ ಸುಮಾರು 55 ಸಾವಿರ ಕೆಲಸಗಾರರಿಗೆ ಅನ್ವಯಿಸುವ, 200 ಕೋಟಿ ನ್ಯೂಜಿಲೆಂಡ್ ಡಾಲರುಗಳ ಒಪ್ಪಂದಕ್ಕೆ ಬಂತು. ಅಲ್ಲಿನ ಸರ್ಕಾರ 2025ರಲ್ಲಿ ಇಂಥ ದೂರುಗಳ ನಿಯಮವನ್ನು ಬಿಗಿಗೊಳಿಸಿತು ಎಂಬುದೂ ನಿಜ, ಮತ್ತು ನೋವಿನ ಸಂಗತಿ.

ನಮ್ಮಲ್ಲಿ ಹೋಲಿಕೆಗೆ ದೂರ ಹೋಗಬೇಕಿಲ್ಲ. ಅದೇ ಊರಿನ ಗ್ರಾಮ ಪಂಚಾಯಿತಿಯಲ್ಲಿ ಬಿಲ್ ಕಲೆಕ್ಟರ್ ಇದ್ದಾರೆ, ನೀರುಗಂಟಿ ಇದ್ದಾರೆ; ಹೆಚ್ಚಾಗಿ ಗಂಡಸರು. ಅವರ ಸಂಬಳವೂ ಹೆಚ್ಚೇನಲ್ಲ, ಅವರದನ್ನು ಇಳಿಸಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಅವರಿಗೆ ಕನಿಷ್ಠ ವೇತನದ ಹಕ್ಕು ಇದೆ. 2013ರಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಒಟ್ಟಿಗೆ ಸೇರುವ ಭಾರತೀಯ ಕಾರ್ಮಿಕ ಸಮ್ಮೇಳನದ 45ನೇ ಅಧಿವೇಶನವು ಅಂಗನವಾಡಿಯಂಥ ಸರ್ಕಾರಿ ಯೋಜನೆಗಳಲ್ಲಿ ದುಡಿಯುವ ಕಾರ್ಯಕರ್ತೆಯರನ್ನು ಕಾರ್ಮಿಕರೆಂದು ಗುರುತಿಸಿ ಕನಿಷ್ಠ ವೇತನ ಕೊಡಬೇಕೆಂದು ಶಿಫಾರಸು ಮಾಡಿತ್ತು. ಅದನ್ನು ಮೊದಲು ಜಾರಿಗೆ ತರಬೇಕು. ಬಳಿಕ ರಾಜ್ಯ ಸರ್ಕಾರ ಈ ಹುದ್ದೆಗಳ ಕೌಶಲವನ್ನೂ ಹೊಣೆಯನ್ನೂ ಒಂದೇ ಅಳತೆಗೋಲಿನಿಂದ ಅಳೆಯುವ ಸಮಿತಿಯೊಂದನ್ನು ನೇಮಿಸಬೇಕು. ಅದರಲ್ಲಿ ಕಾರ್ಯಕರ್ತೆಯರೂ ಸಹಾಯಕಿಯರೂ ಸದಸ್ಯರಾಗಿರಬೇಕು, ಅದರ ವರದಿಯನ್ನು ಬಜೆಟ್ ಅಧಿವೇಶನದಲ್ಲೇ ವಿಧಾನಮಂಡಲದ ಮುಂದಿಡಬೇಕು.